ಚಿತ್ರ ಉಳಿಸುವ ಫಂಕ್ಷನ್‌ಗೆ ಆಯ್ಕೆಗಳನ್ನು ಹೇಗೆ ಕೊಡಬೇಕು? (ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಟಿಫ್)

ಮಂಡಿಪೇಟೆ_ಕೋಡರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಫೋಟೋ ಸ್ಟುಡಿಯೋ, ಸೈಬರ್ ಸೆಂಟರ್, ಫ್ಲೆಕ್ಸ್ ಅಂಗಡಿಗಳಿಗೆ ಚಿಕ್ಕಪುಟ್ಟ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಯಾವ ಅಂಗಡಿಯಾದರೂ ಕೊನೆಯ ಕೆಲಸ ಒಂದೇ: ಚಿತ್ರವನ್ನು ಫೈಲ್ ಮಾಡಿ ಉಳಿಸುವುದು. ಚಿತ್ರಗಳನ್ನು ತೆರೆದು ಉಳಿಸಿಕೊಡುವ ಪೈಥಾನ್‌ನ ಪಿಲ್ಲೋ ಲೈಬ್ರರಿಯ ಮೇಲೆ ನಮ್ಮದೇ ಒಂದು ತೆಳು ಪದರ ಬರೆದು, ಎಲ್ಲ ಕಡೆ ಅದನ್ನೇ ಬಳಸೋಣ ಅಂತ ಹೊರಟಿದ್ದೇನೆ. ಒಳಗಿನ ಕೋಡ್ ಕಷ್ಟವಿಲ್ಲ. ಹೊರಗಿನಿಂದ ಕರೆಯುವವರಿಗೆ ಅದು ಹೇಗೆ ಕಾಣಬೇಕು ಅನ್ನುವುದೇ ತಲೆ ತಿನ್ನುತ್ತಿದೆ.

ಈಗ ಇರುವುದು ಹೀಗೆ. ಪೈಥಾನ್ 3 ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತದೆ, ಹಾಗಾಗಿ ಇಲ್ಲಿ ಕನ್ನಡದಲ್ಲೇ ಹಾಕುತ್ತೇನೆ:

ಉಳಿಸು(ಚಿತ್ರ, "ವಧುವರ.ಜೆಪೆಗ್", ಗುಣಮಟ್ಟ=85, ಡಿಪಿಐ=300, ಪ್ರೋಗ್ರೆಸಿವ್=ಹೌದು, ನಷ್ಟರಹಿತ=ಬೇಡ, ಒತ್ತುಮಟ್ಟ=6)

ಜೆಪೆಗ್‌ಗೆ ನಷ್ಟರಹಿತ (ಒತ್ತಿದರೂ ಪಿಕ್ಸೆಲ್ ಒಂದೂ ಬದಲಾಗಬಾರದು) ಅನ್ನುವ ಆಯ್ಕೆ ಯಾಕೆ? ಒತ್ತುಮಟ್ಟ ಪಿಎನ್‌ಜಿಗೆ ಮಾತ್ರ ಬೇಕಾದದ್ದು. ಎಲ್ಲ ಫಾರ್ಮ್ಯಾಟ್‌ಗಳ ಆಯ್ಕೆಗಳೂ ಒಂದೇ ಸಾಲಿನಲ್ಲಿ ಬಂದು ಕೂತಿವೆ. ಗೊತ್ತಿರುವ ಹೆಸರುಗಳನ್ನು ಪಿಲ್ಲೋದ ಹೆಸರಿಗೆ ಬದಲಿಸಿ, ಉಳಿದದ್ದನ್ನು ಪರೀಕ್ಷಿಸದೆ ನಮ್ಮ ಪದರ ಹಾಗೇ ಪಿಲ್ಲೋಗೆ ದಾಟಿಸುತ್ತದೆ. ಮೊನ್ನೆ ಒಂದು ಅಂಗಡಿಯ ಹುಡುಗ ಗುಣಮಟ್ಟ ಅನ್ನುವ ಕಡೆ ಒತ್ತಕ್ಷರ ಬಿಟ್ಟು ಗುಣಮಟ ಅಂತ ಟೈಪ್ ಮಾಡಿದ್ದ. ಎರರ್ ಬರಲಿಲ್ಲ. ಪಿಲ್ಲೋ ತನ್ನ ಡೀಫಾಲ್ಟ್ 75ರಲ್ಲೇ ಉಳಿಸಿಕೊಂಡು ಹೋಯಿತು. ಗೊತ್ತಾಗಿದ್ದು ಇಡೀ ಆಲ್ಬಂ ಲ್ಯಾಬ್‌ಗೆ ಹೋದ ಮೇಲೆ. ಇದು ಬಗ್ ಕೂಡ ಅಲ್ಲ. ಬರೆಯುವ ಭಾಗಕ್ಕೆ ಗೊತ್ತಿಲ್ಲದ ಆಯ್ಕೆ ಬಂದರೆ ಸುಮ್ಮನೆ ಬಿಟ್ಟುಬಿಡುತ್ತೇವೆ ಅಂತ ಪಿಲ್ಲೋದ ಕೈಪಿಡಿಯಲ್ಲೇ ಇದೆ.

ಆಯ್ಕೆಗಳನ್ನು ಹೇಗೆ ಜೋಡಿಸಿದರೆ ಬಳಸುವವರಿಗೂ ಸುಲಭ, ತಪ್ಪೂ ಕೂಡಲೇ ಸಿಕ್ಕಿಬೀಳುತ್ತದೆ? ನಿಮ್ಮ ಅನುಭವ ಹೇಳಿ.

ಹಳೇ_ಪಿಎಚ್‌ಪಿ (ದಾವಣಗೆರೆ)

ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ ಇದು. ಗುಣಮಟ್ಟ ಅಂತ ಒಂದು ನಂಬರ್ ಇಡಿ, 0ರಿಂದ 100. ಎಲ್ಲ ಫಾರ್ಮ್ಯಾಟ್‌ಗೂ ಅದೇ. ಒಳಗೆ ಏನು ಬೇಕೋ ನೀವೇ ಲೆಕ್ಕ ಹಾಕಿಕೊಳ್ಳಿ. ಅಂಗಡಿ ಹುಡುಗರಿಗೆ ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ಕೋಟೆ_ಕಂಪೈಲರ್ (ಚಿತ್ರದುರ್ಗ)

ಪಿಎಚ್‌ಪಿ ಅಣ್ಣಾ, ನಿಮ್ಮ ಭಾಷೆಯನ್ನೇ ತೆಗೆದುಕೊಳ್ಳಿ. ಅದರ ಜಿಡಿ ಲೈಬ್ರರಿಯಲ್ಲಿ ಜೆಪೆಗ್ ಬರೆಯುವ ಫಂಕ್ಷನ್‌ನ ಮೂರನೇ ಆರ್ಗ್ಯುಮೆಂಟ್ ಹೆಸರು ಕ್ವಾಲಿಟಿ, 0ರಿಂದ 100. ಪಿಎನ್‌ಜಿ ಬರೆಯುವ ಫಂಕ್ಷನ್‌ನ ಮೂರನೇ ಆರ್ಗ್ಯುಮೆಂಟ್ ಹೆಸರೂ ಕ್ವಾಲಿಟಿಯೇ. ಆದರೆ ಅಲ್ಲಿ 0ರಿಂದ 9, ಮತ್ತು ಅದಕ್ಕೂ ಗುಣಮಟ್ಟಕ್ಕೂ ಸಂಬಂಧವಿಲ್ಲ. ಡೇಟಾವನ್ನು ಎಷ್ಟು ಒತ್ತಬೇಕು ಅನ್ನುವ ಮಟ್ಟ ಅದು. ಪಿಎನ್‌ಜಿಯಲ್ಲಿ 0 ಕೊಟ್ಟರೂ 9 ಕೊಟ್ಟರೂ ಪಿಕ್ಸೆಲ್‌ಗಳು ಇದ್ದ ಹಾಗೇ ಇರುತ್ತವೆ, ಫೈಲ್ ಗಾತ್ರ ಮತ್ತು ಬರೆಯಲು ಹಿಡಿಯುವ ಹೊತ್ತು ಮಾತ್ರ ಬದಲಾಗುತ್ತದೆ. ಜೆಪೆಗ್ ಸಾಲನ್ನು ನಕಲು ಮಾಡಿ ಅಲ್ಲಿ 80 ಅಂತ ಬಿಟ್ಟರೆ ಬರೆಯುವುದೇ ಕೆಟ್ಟು ನಿಲ್ಲುತ್ತದೆ.

ಚಿತ್ರಗಳ ಫಾರ್ಮ್ಯಾಟ್ ಬದಲಿಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ್ದು ಇನ್ನೂ ಚೆಂದ. ಪಿಎನ್‌ಜಿಗೆ ಕ್ವಾಲಿಟಿ 75 ಕೊಟ್ಟರೆ ಹತ್ತರ ಸ್ಥಾನದ 7 ಒತ್ತುವ ಮಟ್ಟ, ಬಿಡಿ ಸ್ಥಾನದ 5 ಫಿಲ್ಟರ್‌ನ ಬಗೆ. 74ಕ್ಕಿಂತ 75 ಸ್ವಲ್ಪ ಮೇಲು ಅಂತ ಅಲ್ಲಿ ಹೇಳುವ ಹಾಗೇ ಇಲ್ಲ.

ವೆಬ್‌ಪಿಯಲ್ಲಿ ಒಂದೇ ಫಾರ್ಮ್ಯಾಟ್ ಒಳಗೇ ಅರ್ಥ ತಿರುಗುತ್ತದೆ. ನಷ್ಟವಿರುವ ಬಗೆಯಲ್ಲಿ ಕ್ವಾಲಿಟಿ ಅಂದರೆ ನಮಗೆ ಗೊತ್ತಿರುವ ಗುಣಮಟ್ಟ. ನಷ್ಟರಹಿತ ಅಂತ ಹೇಳಿದ ಕೂಡಲೇ ಅದೇ ನಂಬರ್ ಎನ್‌ಕೋಡರ್ (ಚಿತ್ರವನ್ನು ಒತ್ತಿ ಬರೆಯುವ ಭಾಗ) ಎಷ್ಟು ಶ್ರಮ ಪಡಬೇಕು ಅನ್ನುವುದಾಗುತ್ತದೆ. 0 ಕೊಟ್ಟರೆ ಬೇಗ ಮುಗಿಯುತ್ತದೆ, ಫೈಲ್ ದೊಡ್ಡದು. 100 ಕೊಟ್ಟರೆ ನಿಧಾನ, ಫೈಲ್ ಚಿಕ್ಕದು. ಅಂದರೆ ನಂಬರ್ ಏರಿದ ಹಾಗೆ ಒಂದು ಕಡೆ ಫೈಲ್ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಇದನ್ನೆಲ್ಲ ಒಂದೇ ಗುಣಮಟ್ಟದ ಕೆಳಗೆ ತಂದರೆ ಟೈಲರ್‌ಗೆ ಅಳತೆ ಕೊಡದೆ "ಚೆನ್ನಾಗಿ ಹೊಲಿಯಪ್ಪ" ಅಂದ ಹಾಗೆ.

ಜೆಪೆಗ್‌ನ 85 ಕೂಡ ಶೇಕಡಾ 85 ಅಲ್ಲ. 8×8 ಪಿಕ್ಸೆಲ್‌ಗಳ ಪ್ರತಿ ತುಂಡಿನ ಅಂಕಿಗಳನ್ನೂ ಭಾಗಿಸಲು 64 ಭಾಜಕಗಳ ಒಂದು ಕೋಷ್ಟಕ ಇರುತ್ತದೆ, ಭಾಜಕ ದೊಡ್ಡದಾದಷ್ಟೂ ವಿವರ ಕಳೆದುಹೋಗುತ್ತದೆ. ಜೆಪೆಗ್ ಬರೆಯುವ ಲಿಬ್‌ಜೆಪೆಗ್ ಲೈಬ್ರರಿ ಮಾಡುವುದಿಷ್ಟೇ: ಕ್ವಾಲಿಟಿ 50 ಅಥವಾ ಮೇಲಿದ್ದರೆ 200ರಿಂದ ಅದರ ಎರಡರಷ್ಟನ್ನು ಕಳೆಯುತ್ತದೆ, ಬಂದಷ್ಟು ಶೇಕಡಾಕ್ಕೆ ಕೋಷ್ಟಕವನ್ನು ಇಳಿಸುತ್ತದೆ. 50ಕ್ಕೆ ಕೋಷ್ಟಕ ಇದ್ದ ಹಾಗೆ. 75ಕ್ಕೆ ಅರ್ಧ, ಮೊದಲ ಭಾಜಕ 16 ಇದ್ದದ್ದು 8 ಆಗುತ್ತದೆ. 90ಕ್ಕೆ ಐದನೇ ಒಂದು ಭಾಗ, ಅದೇ 16 ಈಗ 3. 100ಕ್ಕೆ ಎಲ್ಲವೂ 1. ಅದಕ್ಕೇ 95ರ ಮೇಲೆ ಹೋಗಬೇಡಿ ಅಂತ ಪಿಲ್ಲೋ ಹೇಳುವುದು. ಫೈಲ್ ಊದಿಕೊಳ್ಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಫೋಟೋಶಾಪ್‌ನ 0ರಿಂದ 12ರ ಅಳತೆ, ಜಾವಾದ 0.0ರಿಂದ 1.0ರ ಅಳತೆ ಎಲ್ಲ ಬೇರೆ ಬೇರೆ. ಒಂದರ ನಂಬರನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಲೇಬಾರದು.

ಸ್ಟುಡಿಯೋ_ಪಿಜೆ (ದಾವಣಗೆರೆ)

ನಾನು ಪ್ರೋಗ್ರಾಮರ್ ಅಲ್ಲ, ಪಿ.ಜೆ. ಬಡಾವಣೆ ಕಡೆ ಸ್ಟುಡಿಯೋ ಇಟ್ಟವನು. ಕೋಡರ್ ಅವರ ಸಾಫ್ಟ್‌ವೇರ್ ಬಳಸುತ್ತೇನೆ, ಲಿಂಕ್ ಕೊಟ್ಟರು ಅಂತ ಬಂದೆ. ನೀವು ಹೇಳುವ 75, 85 ಯಾವುದೂ ನಮಗೆ ಬೇಡ. ನಮ್ಮ ಹತ್ತಿರ ಬರುವವರು ಹೇಳುವುದು, "ಅಣ್ಣಾ, ಬ್ಯಾಂಕ್ ಪರೀಕ್ಷೆ ಅರ್ಜಿ. ಫೋಟೋ 20ರಿಂದ 50 ಕೆಬಿ, 200 ಬೈ 230. ಸಹಿ 10ರಿಂದ 20 ಕೆಬಿ." ಈಗ ಹುಡುಗರು ಏನು ಮಾಡುತ್ತಾರೆ ಅಂದರೆ 80ರಲ್ಲಿ ಉಳಿಸಿ ನೋಡುವುದು, ಜಾಸ್ತಿ ಬಂದರೆ 70, ಆಮೇಲೆ 60. ಕೊನೇ ದಿನ ಸಾಲು ನಿಂತಿರುತ್ತದೆ. ಕೆಬಿ ಹೇಳಿದರೆ ಕೆಬಿ ಬರಬೇಕು. ಅದಕ್ಕೆ ಒಂದು ಬಟನ್ ಕೊಡಿ ಸಾಕು.

ಮಂಡಿಪೇಟೆ_ಕೋಡರ್ (ದಾವಣಗೆರೆ)

ಸ್ಟುಡಿಯೋ ಅಣ್ಣ ಹೇಳಿದ್ದು ಸರಿಯಾದ ಜಾಗಕ್ಕೆ ಬಿತ್ತು. ಗುಣಮಟ್ಟ ನಮಗೆ ಸಾಧನ, ಅವರಿಗೆ ಬೇಕಾದದ್ದು ಗಾತ್ರ. ಆ ಬಟನ್ ಖಂಡಿತ ಮಾಡುತ್ತೇನೆ, ಆದರೆ ಬುಡ ಸರಿಯಾಗದೆ ಅದನ್ನು ಕಟ್ಟಲು ಆಗುವುದಿಲ್ಲ.

ತೊಳಹುಣಸೆ_ಎಂಸಿಎ (ದಾವಣಗೆರೆ)

ಬೇರೆಯವರು ಏನು ಮಾಡಿದ್ದಾರೆ ಅಂತ ಒಂದು ಸುತ್ತು ನೋಡಿ ಬಂದೆ.

ನೋಡ್ (ಜಾವಾಸ್ಕ್ರಿಪ್ಟ್) ಕಡೆಯ ಶಾರ್ಪ್ ಲೈಬ್ರರಿಯಲ್ಲಿ ಪ್ರತಿ ಫಾರ್ಮ್ಯಾಟ್‌ಗೂ ಅದರದ್ದೇ ಮೆಥಡ್ ಇದೆ. ಜೆಪೆಗ್ ಮೆಥಡ್‌ಗೆ ಜೆಪೆಗ್ ಆಯ್ಕೆ, ಪಿಎನ್‌ಜಿ ಮೆಥಡ್‌ಗೆ ಪಿಎನ್‌ಜಿ ಆಯ್ಕೆ. ಗುಣಮಟ್ಟಕ್ಕೆ 150 ಕೊಟ್ಟರೆ 1ರಿಂದ 100ರ ಒಳಗಿನ ಪೂರ್ಣಾಂಕ ಬೇಕಿತ್ತು, ಇದು ಬಂತು ಅಂತ ಅಲ್ಲೇ ಎರರ್ ಎಸೆಯುತ್ತದೆ. ನನಗೆ ಇದೇ ಹಿಡಿಸಿತು.

ಓಪನ್‌ಸಿವಿ ಅನ್ನುವ ಚಿತ್ರದ ಲೈಬ್ರರಿಯಲ್ಲಿ ಆಯ್ಕೆಯ ಗುರುತು, ಅದರ ಬೆಲೆ, ಮತ್ತೆ ಗುರುತು, ಮತ್ತೆ ಬೆಲೆ ಅಂತ ಬರೀ ಅಂಕಿಗಳ ಪಟ್ಟಿ ಕೊಡಬೇಕು. ಸಿ ಭಾಷೆಯ ಕಾಲದ ವಾಸನೆ ಇನ್ನೂ ಹೋಗಿಲ್ಲ.

ಗೋ ಭಾಷೆಯದು ಮಜಾ ಇದೆ. ಜೆಪೆಗ್ ಎನ್‌ಕೋಡ್‌ಗೆ ಆಯ್ಕೆಗಳ ಜಾಗದಲ್ಲಿ ಏನೂ ಕೊಡದೆ ನಿಲ್ ಅಂತ ಬಿಟ್ಟರೆ ಡೀಫಾಲ್ಟ್ 75. ಆದರೆ ಖಾಲಿ ಆಯ್ಕೆಗಳ ಸ್ಟ್ರಕ್ಟ್ ಕೊಟ್ಟರೆ ಅದರೊಳಗಿನ ಗುಣಮಟ್ಟ 0. 1ಕ್ಕಿಂತ ಕಡಿಮೆ ಬಂದದ್ದನ್ನು ಲೈಬ್ರರಿ 1 ಮಾಡಿಕೊಳ್ಳುತ್ತದೆ. ಚಿತ್ರ ಪೂರ್ತಿ ಚೌಕ ಚೌಕ. ಏನೂ ಕೊಡದಿದ್ದರೆ ಚೆನ್ನಾಗಿರುತ್ತದೆ, ಖಾಲಿ ಡಬ್ಬಿ ಕೊಟ್ಟರೆ ಹಾಳಾಗುತ್ತದೆ!

ಬ್ರೌಸರ್‌ನಲ್ಲಿ ಚಿತ್ರ ಬಿಡಿಸಲು ಇರುವ ಕ್ಯಾನ್ವಾಸ್ ಇವರೆಲ್ಲರಿಗಿಂತ ಮೌನಿ. ಅದಕ್ಕೆ ಬರೆಯಲು ಬಾರದ ಫಾರ್ಮ್ಯಾಟ್ ಕೇಳಿದರೆ ಸದ್ದಿಲ್ಲದೆ ಪಿಎನ್‌ಜಿ ಕೊಡುತ್ತದೆ. ಗುಣಮಟ್ಟಕ್ಕೆ 0.8 ಬದಲು 80 ಕೊಟ್ಟರೆ ಅದನ್ನು ಬದಿಗಿಟ್ಟು ಡೀಫಾಲ್ಟ್ ಹಾಕಿಕೊಳ್ಳುತ್ತದೆ.

ಪೈಥಾನ್‌ನಲ್ಲಿ ಶಾರ್ಪ್‌ನ ದಾರಿಯನ್ನೇ ಡೇಟಾಕ್ಲಾಸ್‌ನಿಂದ (ಹೆಸರಿಟ್ಟ ಫೀಲ್ಡ್‌ಗಳನ್ನು ಹಿಡಿದಿಡುವ ಸರಳ ಕ್ಲಾಸ್) ಮಾಡಬಹುದು. ಫಾರ್ಮ್ಯಾಟ್‌ಗೆ ಒಂದೊಂದು ಕ್ಲಾಸ್. 3.10ರಿಂದ ಎಲ್ಲ ಫೀಲ್ಡ್‌ಗಳನ್ನೂ ಹೆಸರು ಹೇಳಿಯೇ ಕೊಡಬೇಕು ಅನ್ನುವ ನಿಯಮ ಹಾಕಬಹುದು. ಗೊತ್ತಿಲ್ಲದ ಹೆಸರು ಬಂದರೆ ಪೈಥಾನೇ ಟೈಪ್‌ಎರರ್ ಕೊಡುತ್ತದೆ, ನಾವು ಏನೂ ಬರೆಯಬೇಕಾಗಿಲ್ಲ. ಎಡಿಟರ್‌ನಲ್ಲಿ ಜೆಪೆಗ್ ಅಂತ ಬರೆದು ಆವರಣ ತೆರೆದರೆ ಜೆಪೆಗ್‌ನ ಆಯ್ಕೆಗಳು ಮಾತ್ರ ಕಾಣುತ್ತವೆ. ಅಂಗಡಿ ಹುಡುಗರಿಗೆ ಅದಕ್ಕಿಂತ ದೊಡ್ಡ ಕೈಪಿಡಿ ಬೇಡ.

ಮಂಡಿಪೇಟೆ_ಕೋಡರ್ (ದಾವಣಗೆರೆ)

ಹಾಗಾದರೆ ಹೀಗೆ:

ಉಳಿಸು(ಚಿತ್ರ, "ವಧುವರ.ಜೆಪೆಗ್", ಜೆಪೆಗ್(ಗುಣಮಟ್ಟ=85, ಪ್ರೋಗ್ರೆಸಿವ್=ಹೌದು))

ಉಳಿಸು(ಚಿತ್ರ, "ಲೋಗೋ.ಪಿಎನ್‌ಜಿ", ಪಿಎನ್_ಜಿ(ಒತ್ತುಮಟ್ಟ=9))

ಉಳಿಸು(ಚಿತ್ರ, "ಲೋಗೋ.ವೆಬ್‌ಪಿ", ವೆಬ್_ಪಿ_ನಷ್ಟರಹಿತ(ಶ್ರಮ=100))

ವೆಬ್‌ಪಿಯನ್ನು ಬೇಕಂತಲೇ ಎರಡು ಕ್ಲಾಸ್ ಮಾಡಿದ್ದೇನೆ. ನಷ್ಟವಿರುವುದಕ್ಕೆ ಗುಣಮಟ್ಟ, ನಷ್ಟರಹಿತಕ್ಕೆ ಶ್ರಮ. ನಷ್ಟರಹಿತ ಬೇಕು, ಗುಣಮಟ್ಟ 80 ಇರಲಿ ಅನ್ನುವ ಅರ್ಥವಿಲ್ಲದ ಜೋಡಿಯನ್ನು ಈಗ ಬರೆಯಲು ಬರುವುದೇ ಇಲ್ಲ. ಪರೀಕ್ಷಿಸಿ ಬೈಯುವುದಕ್ಕಿಂತ ಬರೆಯಲೇ ಆಗದ ಹಾಗೆ ಮಾಡುವುದು ಲೇಸು.

ಹೆಸರಿನ ನಡುವೆ ಅಡಿಗೆರೆ ಯಾಕೆ ಅಂತ ಕೇಳುವವರಿಗೆ: ಒತ್ತಕ್ಷರ ಕೂಡದ ಹಾಗೆ ಮಧ್ಯೆ ಹಾಕುವ ಕಾಣದ ಅಕ್ಷರ ಇದೆಯಲ್ಲ, ಅದು ಹೆಸರಿನಲ್ಲಿ ಬಂದರೆ ಪೈಥಾನ್ ಒಪ್ಪುವುದಿಲ್ಲ. ಕೋಟ್ ಒಳಗಿನ ಫೈಲ್ ಹೆಸರಿಗೆ ಆ ತೊಂದರೆ ಇಲ್ಲ.

ಹಳೇ_ಪಿಎಚ್‌ಪಿ (ದಾವಣಗೆರೆ)

ಒಪ್ಪಿದೆ, ಪಿಎನ್‌ಜಿ ವಿಷಯದಲ್ಲಿ ನಮ್ಮ ಕಡೆ ಹೆಸರು ಕೆಟ್ಟದಾಗಿ ಇಟ್ಟಿದ್ದಾರೆ. ಆದರೆ ಈಗ ಫಾರ್ಮ್ಯಾಟನ್ನು ಎರಡು ಸಲ ಹೇಳಿದ ಹಾಗಾಯಿತಲ್ಲ? ಫೈಲ್ ಹೆಸರಿನ ಬಾಲದಲ್ಲಿ ಒಂದು ಸಲ, ಕ್ಲಾಸ್‌ನಲ್ಲಿ ಇನ್ನೊಂದು ಸಲ. ಬಾಲ ಪಿಎನ್‌ಜಿ, ಆಯ್ಕೆ ಜೆಪೆಗ್ ಬಂದರೆ ಯಾರ ಮಾತು ನಡೆಯಬೇಕು? ಮತ್ತೆ ಸುಮ್ನೆ ಒಂದು ಫೋಟೋ ಉಳಿಸಲು ಇಷ್ಟುದ್ದ ಬರೆಯಬೇಕಾ?

ಕೋಟೆ_ಕಂಪೈಲರ್ (ಚಿತ್ರದುರ್ಗ)

ಒಳ್ಳೆ ಪ್ರಶ್ನೆ. ಯಾರ ಮಾತೂ ನಡೆಯಬಾರದು. ಎರಡೂ ತಾಳೆಯಾಗದಿದ್ದರೆ ಎರರ್. ಪಿಎನ್‌ಜಿ ಅಂತ ಹೆಸರಿಟ್ಟು ಒಳಗೆ ಜೆಪೆಗ್ ತುಂಬಿದ ಫೈಲ್ ಎಷ್ಟು ಕಡೆ ಕೈ ಕೊಡುತ್ತದೆ ಅಂತ ಅಪ್‌ಲೋಡ್ ಪುಟಗಳನ್ನು ಬರೆದವರಿಗೆ ಗೊತ್ತು. ಇನ್ನು ಲೈಬ್ರರಿ ತಾನಾಗಿ ಬಾಲ ಬದಲಿಸುವುದಂತೂ ಬೇಡವೇ ಬೇಡ. ಕೊಟ್ಟ ಹೆಸರಲ್ಲಿ ಫೈಲ್ ಇಲ್ಲ ಅಂತ ಮುಂದಿನ ಸಾಲಿನ ಕೋಡ್ ಹುಡುಕಾಡುತ್ತದೆ.

ಮೂರನೇ ಆರ್ಗ್ಯುಮೆಂಟ್ ಕೊಡದಿದ್ದರೆ ಬಾಲ ನೋಡಿ ಆ ಫಾರ್ಮ್ಯಾಟ್‌ನ ಡೀಫಾಲ್ಟ್ ತೆಗೆದುಕೊಳ್ಳಲಿ. ಸುಮ್ನೆ ಉಳಿಸುವವರಿಗೆ ಅಷ್ಟೇ ಸಾಕು. ಮೆಮೊರಿಗೆ ಬರೆಯುವಾಗ ಹೆಸರು ಇರುವುದಿಲ್ಲ, ಅಲ್ಲಿ ಆಯ್ಕೆ ಕಡ್ಡಾಯ. ಜಾವಾದಲ್ಲಿ ಆದ ಹಾಗೆ ಮಾತ್ರ ಆಗಬಾರದು. ಅಲ್ಲಿ ಸುಲಭದ ದಾರಿ ಒಂದೇ ಸಾಲು, ಆದರೆ ಅದಕ್ಕೆ ಗುಣಮಟ್ಟ ಹೇಳುವ ಹಾಗಿಲ್ಲ. ಹೇಳಬೇಕು ಅಂದರೆ ರೈಟರ್ ಹುಡುಕು, ಪ್ಯಾರಾಮ್ ತೆಗೆ, ಕಂಪ್ರೆಷನ್ ಮೋಡ್ ಅನ್ನು ಎಕ್ಸ್‌ಪ್ಲಿಸಿಟ್ ಮಾಡು, ಆಮೇಲೆ ಗುಣಮಟ್ಟ. ಮೋಡ್ ಮರೆತರೆ ಎಕ್ಸೆಪ್ಶನ್. ಒಂದು ಸಾಲಿನಿಂದ ನೇರ ಹತ್ತು ಸಾಲಿಗೆ ಜಿಗಿತ, ನಡುವೆ ಮೆಟ್ಟಿಲೇ ಇಲ್ಲ.

ಫ್ಲೆಕ್ಸ್_ಹರಿಹರ (ಹರಿಹರ)

ನಮ್ಮ ಕಷ್ಟವನ್ನೂ ಸೇರಿಸಿಕೊಳ್ಳಿ. ರಾಜ್ಯೋತ್ಸವ ಬಂದರೆ ಹಳದಿ ಮೇಲೆ ಕೆಂಪು ಅಕ್ಷರ, ಕೆಂಪು ಮೇಲೆ ಹಳದಿ ಅಕ್ಷರ. ಡಿಸೈನ್‌ನಲ್ಲಿ ಚೂಪಾಗಿರುತ್ತದೆ, ಜೆಪೆಗ್ ಮಾಡಿದರೆ ಅಕ್ಷರದ ಅಂಚು ಕಲಸಿದ ಹಾಗೆ ಕಾಣುತ್ತದೆ. ಗುಣಮಟ್ಟ 95 ಇಟ್ಟರೂ ಹೋಗುವುದಿಲ್ಲ. ಇದಕ್ಕೆ ಆಯ್ಕೆ ಇದೆಯಾ?

ಇನ್ನೊಂದು, 20 ಅಡಿ ಬ್ಯಾನರ್ ಅನ್ನು 72 ಡಿಪಿಐನಲ್ಲಿ (ಇಂಚಿಗೆ 72 ಪಿಕ್ಸೆಲ್) ಮಾಡಿದ್ದೆವು. ಗಿರಾಕಿಗೆ ತೋರಿಸಲು ವೆಬ್‌ಪಿ ಮಾಡಲು ಹೋದರೆ ಏನೇನೋ ಎರರ್.

ಕೋಟೆ_ಕಂಪೈಲರ್ (ಚಿತ್ರದುರ್ಗ)

ಮೊದಲನೆಯದು ಬಣ್ಣದ ಸಬ್‌ಸ್ಯಾಂಪ್ಲಿಂಗ್. ಜೆಪೆಗ್ ಬೆಳಕನ್ನು ಬೇರೆ, ಬಣ್ಣವನ್ನು ಬೇರೆ ಮಾಡಿ ಇಡುತ್ತದೆ. ಸಾಮಾನ್ಯವಾಗಿ ಬರುವ 4:2:0ದಲ್ಲಿ ಬಣ್ಣದ ವಿವರ ಅಗಲದಲ್ಲೂ ಎತ್ತರದಲ್ಲೂ ಅರ್ಧ. ಅಂದರೆ ನಾಲ್ಕು ಪಿಕ್ಸೆಲ್‌ಗೆ ಬಣ್ಣದ ಒಂದೇ ಬೆಲೆ. ಮುಖ, ಮರ, ಆಕಾಶಕ್ಕೆ ನಡೆಯುತ್ತದೆ, ಕಣ್ಣು ಹಿಡಿಯುವುದಿಲ್ಲ. ಕೆಂಪು ಹಳದಿ ಕೂಡುವ ಅಂಚಿನಲ್ಲಿ ಸಿಕ್ಕಿಬೀಳುತ್ತದೆ. ಗುಣಮಟ್ಟ ಏರಿಸಿದರೆ ಇದು ಸರಿಹೋಗುವುದಿಲ್ಲ, 4:4:4 ಅಂತಲೇ ಹೇಳಬೇಕು. ಪಿಲ್ಲೋದಲ್ಲಿ ಇದಕ್ಕೆ 0, 1, 2 ಅಂತ ಅಂಕಿ ಇವೆ, 0 ಅಂದರೆ 4:4:4. ದಯವಿಟ್ಟು ಆ ಅಂಕಿಗಳನ್ನು ನಮ್ಮ ಪದರಕ್ಕೆ ತರಬೇಡಿ. ಬಣ್ಣ_ವಿವರ=ಪೂರ್ತಿ ಅಥವಾ ಬಣ್ಣ_ವಿವರ=ಅರ್ಧ ಅಂತ ಇಡಿ, ಹರಿಹರದವರಿಗೂ ಅರ್ಥವಾಗುತ್ತದೆ.

ಎರಡನೆಯದಕ್ಕೆ ಲೆಕ್ಕ ನೋಡಿ. 20 ಅಡಿ ಅಂದರೆ 240 ಇಂಚು, 72ರಿಂದ ಗುಣಿಸಿದರೆ 17,280 ಪಿಕ್ಸೆಲ್. ವೆಬ್‌ಪಿಯಲ್ಲಿ ಒಂದು ಬದಿಯ ಮಿತಿ 16,383. ಜೆಪೆಗ್‌ಗೆ 65,535ರ ತನಕ ಹೋಗಬಹುದು. ಇಂಥದ್ದನ್ನು ಎನ್‌ಕೋಡರ್‌ನ ಬಾಯಿಂದ ಕೇಳುವುದಕ್ಕಿಂತ ನಮ್ಮ ಪದರವೇ ಮೊದಲು ನೋಡಿ ಹೇಳಬೇಕು: "ಚಿತ್ರದ ಅಗಲ 17280. ವೆಬ್‌ಪಿ ಮಿತಿ 16383. ಅಳತೆ ಇಳಿಸಿ ಅಥವಾ ಜೆಪೆಗ್ ಬಳಸಿ." ಏನು ಬಂತು, ಎಷ್ಟಿರಬೇಕಿತ್ತು, ಈಗ ಏನು ಮಾಡಬೇಕು. ಎರರ್ ಸಂದೇಶವೂ ಇಂಟರ್‌ಫೇಸ್‌ನ ಭಾಗವೇ ತಾನೇ.

ತೊಳಹುಣಸೆ_ಎಂಸಿಎ (ದಾವಣಗೆರೆ)

ಪಾರದರ್ಶಕ ಹಿನ್ನೆಲೆಯೂ ಇದೇ ಗುಂಪಿನದು. ಪಾರದರ್ಶಕ ಲೋಗೋವನ್ನು ಜೆಪೆಗ್ ಮಾಡಲು ಹೋದರೆ ಪಿಲ್ಲೋ ಆಗುವುದಿಲ್ಲ ಅನ್ನುತ್ತದೆ. ಎಲ್ಲರೂ ಮಾಡುವುದು ಆರ್‌ಜಿಬಿಗೆ ಕನ್ವರ್ಟ್. ಅದು ಪಾರದರ್ಶಕತೆಯನ್ನು ಕಿತ್ತು ಬಿಸಾಕುತ್ತದೆ, ಅಡಿಯಲ್ಲಿ ಅಡಗಿದ್ದ ಬಣ್ಣ ಮೇಲೆ ಬರುತ್ತದೆ. ಎಷ್ಟೋ ಸಲ ಅದು ಕಪ್ಪು. ಜೆಪೆಗ್ ಕ್ಲಾಸ್‌ಗೆ ಹಿನ್ನೆಲೆ ಅಂತ ಒಂದು ಆಯ್ಕೆ ಇರಲಿ. ಬಣ್ಣ ಕೊಟ್ಟರೆ ಅದರ ಮೇಲೆ ಕೂರಿಸು, ಕೊಡದಿದ್ದರೆ ಎರರ್. ಬಿಳಿಯನ್ನು ಡೀಫಾಲ್ಟ್ ಮಾಡಬೇಡಿ. ಬಿಳಿ ಅಕ್ಷರದ ಲೋಗೋ ಬಂದರೆ ಮಾಯ.

ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿರುವ ಸಿಎಂವೈಕೆ ಚಿತ್ರಕ್ಕೂ ಇದೇ. ಜೆಪೆಗ್, ಟಿಫ್ ಅದನ್ನು ಇಟ್ಟುಕೊಳ್ಳುತ್ತವೆ. ಪಿಎನ್‌ಜಿ, ವೆಬ್‌ಪಿಗೆ ಅದು ಗೊತ್ತೇ ಇಲ್ಲ.

ಸ್ಟುಡಿಯೋ_ಪಿಜೆ (ದಾವಣಗೆರೆ)

ಬಣ್ಣದ ಮಾತು ಬಂತು ಅಂತ ಹೇಳುತ್ತೇನೆ. ಐಫೋನ್‌ನಲ್ಲಿ ತೆಗೆದ ಫೋಟೋ ನಿಮ್ಮ ಸಾಫ್ಟ್‌ವೇರ್‌ನಿಂದ ಹೊರಗೆ ಬಂದರೆ ಮಂಕಾಗಿರುತ್ತದೆ. ಮದುಮಗಳು ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ ಸೀರೆ, ಕಡುಗೆಂಪು. ಫೋನಿನಲ್ಲಿ ಉರಿಯುವ ಕೆಂಪು, ನಮ್ಮ ಪರದೆಯಲ್ಲಿ ಇಟ್ಟಿಗೆ ಬಣ್ಣ. ಕೆಲವು ಫೋಟೋ ಅಡ್ಡ ಮಲಗಿಯೂ ಬರುತ್ತವೆ.

ಮಂಡಿಪೇಟೆ_ಕೋಡರ್ (ದಾವಣಗೆರೆ)

ಅಣ್ಣಾ, ಎರಡಕ್ಕೂ ಮೂಲ ಒಂದೇ. ಫೋಟೋ ಜೊತೆ ಪಿಕ್ಸೆಲ್ ಅಲ್ಲದ ಮಾಹಿತಿಯೂ (ಮೆಟಾಡೇಟಾ) ಇರುತ್ತದೆ. ಪಿಲ್ಲೋದಲ್ಲಿ ಜೆಪೆಗ್ ಉಳಿಸುವಾಗ ನಾವಾಗಿ ಕೊಡದಿದ್ದರೆ ಅಂಕಿಗಳನ್ನು ಯಾವ ಬಣ್ಣವಾಗಿ ಓದಬೇಕು ಅಂತ ಹೇಳುವ ಐಸಿಸಿ ಪ್ರೊಫೈಲೂ ಹೊಸ ಫೈಲ್‌ಗೆ ಹೋಗುವುದಿಲ್ಲ, ಎಕ್ಸಿಫ್ ಮಾಹಿತಿಯೂ (ದಿಕ್ಕು, ಸ್ಥಳ ಇತ್ಯಾದಿ) ಹೋಗುವುದಿಲ್ಲ. ಐಫೋನ್ 7ರಿಂದ ಈಚೆಗೆ ಫೋಟೋಗಳು ಪಿ3 ಅನ್ನುವ ಅಗಲ ಬಣ್ಣಶ್ರೇಣಿಯಲ್ಲಿ ಇರುತ್ತವೆ. ಪ್ರೊಫೈಲ್ ಕಳಚಿದರೆ ನೋಡುವ ತಂತ್ರಾಂಶ ಅದೇ ಅಂಕಿಗಳನ್ನು ಸಾಮಾನ್ಯ ಪರದೆಗಳ ಎಸ್‌ಆರ್‌ಜಿಬಿ ಶ್ರೇಣಿ ಅಂದುಕೊಂಡು ತೋರಿಸುತ್ತದೆ, ಕೆಂಪು ಮಂಕಾಗುತ್ತದೆ. ಇನ್ನು ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಪಿಕ್ಸೆಲ್‌ಗಳು ಅಡ್ಡವೇ ಕೂತಿರುತ್ತವೆ, ತಿರುಗಿಸಿ ತೋರಿಸು ಅನ್ನುವ ಸೂಚನೆ ಎಕ್ಸಿಫ್‌ನಲ್ಲಿ ಇರುತ್ತದೆ. ಅದು ಹೋದರೆ ಮದುಮಗಳು ಮಲಗುತ್ತಾಳೆ.

ಇಲ್ಲಿ ಮೆಟಾಡೇಟಾ=ಹೌದು ಅಥವಾ ಬೇಡ ಅಂತ ಒಂದೇ ಸ್ವಿಚ್ ಇಡಲು ಮನಸ್ಸು ಒಪ್ಪುತ್ತಿಲ್ಲ. ಮೂರಕ್ಕೂ ಮೂರು ಗತಿ ಬೇಕು. ದಿಕ್ಕನ್ನು ಪಿಕ್ಸೆಲ್‌ಗೇ ಅನ್ವಯಿಸಿ ಸೂಚನೆಯನ್ನು ತೆಗೆಯಬೇಕು, ಇಲ್ಲದಿದ್ದರೆ ಎರಡು ಸಲ ತಿರುಗುತ್ತದೆ. ಇದಕ್ಕೆ ಆಯ್ಕೆಯೇ ಬೇಡ. ಬಣ್ಣದ ಪ್ರೊಫೈಲ್ ಡೀಫಾಲ್ಟ್ ಆಗಿ ಉಳಿಯಲಿ. ಅರ್ಜಿ, ವಾಟ್ಸಾಪ್‌ಗೆ ಹೋಗುವುದಾದರೆ ಎಸ್‌ಆರ್‌ಜಿಬಿಗೆ ಪರಿವರ್ತಿಸಲಿ. ಫೋಟೋ ತೆಗೆದ ಸ್ಥಳದ ಜಿಪಿಎಸ್ ಡೀಫಾಲ್ಟ್ ಆಗಿ ಅಳಿಸಿಹೋಗಲಿ. ಯಾರದೋ ಮನೆಯ ಅಕ್ಷಾಂಶ ರೇಖಾಂಶ ನಮ್ಮ ಫೈಲ್‌ನಲ್ಲಿ ಊರೆಲ್ಲ ಸುತ್ತಬಾರದು.

ಹಿರಿಯೂರು_ಫೀಲ್ಡ್ (ಚಿತ್ರದುರ್ಗ ಜಿಲ್ಲೆ)

ಜಿಪಿಎಸ್ ತೆಗೆಯುವುದಕ್ಕೆ ನನ್ನ ವಿರೋಧ ಇದೆ. ನರೇಗಾ ಕಾಮಗಾರಿ ಫೋಟೋಗೆ ಸ್ಥಳದ ಗುರುತೇ ಜೀವ. ಚೆಕ್‌ಡ್ಯಾಂ, ಕೃಷಿಹೊಂಡ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಆ ಫೋಟೋ ಇದ್ದೂ ಇಲ್ಲದ ಹಾಗೆ. ಗಾತ್ರ ಇಳಿಸಲು ಹೋಗಿ ಲೈಬ್ರರಿ ಅದನ್ನು ಅಳಿಸಿದರೆ ಮತ್ತೆ ಆ ಹೊಲಕ್ಕೆ ಹೋಗಿ ತೆಗೆಯಬೇಕು. ಅಳಿಸಿದ್ದು ವಾಪಸ್ ಬರುವುದಿಲ್ಲ. ಇಟ್ಟುಕೊಂಡದ್ದನ್ನು ಆಮೇಲೂ ಅಳಿಸಬಹುದು.

ಮಂಡಿಪೇಟೆ_ಕೋಡರ್ (ದಾವಣಗೆರೆ)

ನಿಮ್ಮ ಮಾತು ತೂಕದ್ದೇ. ಆದರೆ ವಾಪಸ್ ಬಾರದಿರುವುದು ಎರಡೂ ಕಡೆ ಇದೆ. ಒಮ್ಮೆ ಗ್ರೂಪಿಗೆ ಹೋದ ವಿಳಾಸವೂ ವಾಪಸ್ ಬರುವುದಿಲ್ಲ. ಮೂಲ ಫೈಲ್ ನಿಮ್ಮ ಫೋನ್‌ನಲ್ಲಿ ಇರುತ್ತದೆ, ನಾವು ಬರೆಯುವುದು ನಕಲು. ಹಾಗಾಗಿ ಡೀಫಾಲ್ಟ್ ತೆಗೆಯುವುದೇ. ನಿಮ್ಮಂಥವರಿಗೆ ಸ್ಥಳ=ಇರಲಿ. ಜೊತೆಗೆ ಉಳಿಸು ಫಂಕ್ಷನ್ ಒಂದು ವರದಿ ವಾಪಸ್ ಕೊಡುತ್ತದೆ: ಎಷ್ಟು ಬೈಟ್, ಯಾವ ಗುಣಮಟ್ಟ, ಅಗಲ ಎತ್ತರ, ಏನೇನು ಕಳಚಲಾಯಿತು. ಜಿಪಿಎಸ್ ತೆಗೆದಿದ್ದರೆ ಅದರಲ್ಲಿ ಕಾಣುತ್ತದೆ.

ಹಿರಿಯೂರು_ಫೀಲ್ಡ್ (ಚಿತ್ರದುರ್ಗ ಜಿಲ್ಲೆ)

ವರದಿಯನ್ನು ಯಾರು ಓದುತ್ತಾರೆ ಸ್ವಾಮಿ? ಆಗಲಿ, ಇರಲಿ ಅಂತ ಬರೆಯುವ ಆಯ್ಕೆ ಇದೆಯಲ್ಲ, ನಮ್ಮ ಸ್ಕ್ರಿಪ್ಟ್‌ನಲ್ಲಿ ಅದನ್ನೇ ಹಾಕಿಕೊಳ್ಳುತ್ತೇವೆ. ನನ್ನ ವಿರೋಧ ಮಾತ್ರ ದಾಖಲಾಗಲಿ.

ಮಂಡಿಪೇಟೆ_ಕೋಡರ್ (ದಾವಣಗೆರೆ)

ಈಗ ಸ್ಟುಡಿಯೋ ಅಣ್ಣನ ಬಟನ್. ಇದನ್ನು ಜೆಪೆಗ್ ಕ್ಲಾಸ್ ಒಳಗೆ ತುರುಕಿಲ್ಲ. ಗುಣಮಟ್ಟ=85 ಮತ್ತು ಗರಿಷ್ಠ_ಕೆಬಿ=50 ಎರಡನ್ನೂ ಒಟ್ಟಿಗೆ ಕೊಟ್ಟರೆ ಯಾವುದು ಗೆಲ್ಲಬೇಕು ಅನ್ನುವ ಜಗಳ ಬೇಡ. ಬೇರೆ ಕ್ಲಾಸ್:

ಉಳಿಸು(ಚಿತ್ರ, "ಅರ್ಜಿ.ಜೆಪೆಗ್", ಜೆಪೆಗ್_ಗಾತ್ರಕ್ಕೆ(ಕನಿಷ್ಠ_ಕೆಬಿ=20, ಗರಿಷ್ಠ_ಕೆಬಿ=50, ಅಳತೆ=(200, 230)))

ಒಳಗೆ ನಡೆಯುವುದು ಹೀಗೆ. ಮೊದಲು ಅಳತೆಗೆ ಇಳಿಸುತ್ತದೆ. ಆಮೇಲೆ 1ರಿಂದ 95ರ ನಡುವೆ ಮಧ್ಯದ ಗುಣಮಟ್ಟ ಹಿಡಿದು ಮೆಮೊರಿಯಲ್ಲೇ ಎನ್‌ಕೋಡ್ ಮಾಡುತ್ತದೆ. ಗಾತ್ರ ಜಾಸ್ತಿ ಬಂದರೆ ಕೆಳಗಿನ ಅರ್ಧ, ಮಿತಿಯೊಳಗೆ ಬಂದರೆ ಮೇಲಿನ ಅರ್ಧ. 95 ಬೆಲೆಗಳಲ್ಲಿ ಸರಿಯಾದದ್ದು ಸಿಗಲು ಹೆಚ್ಚೆಂದರೆ 7 ಎನ್‌ಕೋಡ್ ಸಾಕು. 200×230 ಅಂದರೆ ಬರೀ 46,000 ಪಿಕ್ಸೆಲ್, ಬಟನ್‌ನಿಂದ ಬೆರಳು ತೆಗೆಯುವುದರೊಳಗೆ ಮುಗಿದಿರುತ್ತದೆ. ಡಿಸ್ಕ್‌ಗೆ ಬರೆಯುವುದು ಕೊನೆಗೆ ಒಂದೇ ಸಲ. ಅದೂ ತಾತ್ಕಾಲಿಕ ಹೆಸರಲ್ಲಿ ಬರೆದು ಆಮೇಲೆ ಹೆಸರು ಬದಲಿಸುವುದು, ಕರೆಂಟ್ ಹೋದರೆ ಅರ್ಧ ಫೈಲ್ ಉಳಿಯಬಾರದಲ್ಲ.

ಅಳತೆ ಕೊಡದೆ ಬರೀ ಕೆಬಿ ಕೊಟ್ಟರೆ, ಗುಣಮಟ್ಟ 40ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಅಲ್ಲಿಂದ ಮುಂದೆ ಚಿತ್ರದ ಅಳತೆಯನ್ನೇ ಕುಗ್ಗಿಸುತ್ತದೆ. ದೊಡ್ಡ ಚಿತ್ರ ಗುಣಮಟ್ಟ 10ರಲ್ಲಿ ಚೌಕ ಚೌಕವಾಗಿ ಕಾಣುವುದಕ್ಕಿಂತ ಚಿಕ್ಕ ಚಿತ್ರ 60ರಲ್ಲಿ ಇರುವುದು ಮೇಲು. 40 ನನ್ನ ಕಣ್ಣಿನ ಅಂದಾಜು, ಬೇಕಾದವರು ಬದಲಿಸಿಕೊಳ್ಳಬಹುದು.

ತೊಳಹುಣಸೆ_ಎಂಸಿಎ (ದಾವಣಗೆರೆ)

ಕೆಬಿ ಅಂದರೆ 1000 ಬೈಟಾ, 1024 ಬೈಟಾ? 50 ಕೆಬಿ ಅಂದರೆ 50,000 ಇರಬಹುದು, 51,200 ಇರಬಹುದು. ಎದುರಿನ ಪುಟ ಯಾವ ಲೆಕ್ಕ ಹಿಡಿದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ.

ಕೋಟೆ_ಕಂಪೈಲರ್ (ಚಿತ್ರದುರ್ಗ)

ಗರಿಷ್ಠಕ್ಕೆ 1000, ಕನಿಷ್ಠಕ್ಕೆ 1024 ಹಿಡಿಯಿರಿ. 20,480ರಿಂದ 50,000 ಬೈಟ್ ನಡುವೆ ಬಂದರೆ ಯಾವ ಲೆಕ್ಕದಲ್ಲೂ ಪಾಸ್.

ಸ್ಟುಡಿಯೋ_ಪಿಜೆ (ದಾವಣಗೆರೆ)

ಬಿಳಿ ಹಿನ್ನೆಲೆ ಫೋಟೋ ಕೆಲವು ಸಲ 20 ಕೆಬಿಯೂ ಮುಟ್ಟುವುದಿಲ್ಲ, ಸಹಿಯಂತೂ ಬಹಳ ಸಲ 10ಕ್ಕಿಂತ ಕಡಿಮೆ. ಆಗ ಏನು ಗತಿ? "ಫೈಲ್ ಚಿಕ್ಕದಾಯಿತು" ಅಂತ ವಾಪಸ್ ಕಳಿಸುತ್ತಾರೆ.

ಮಂಡಿಪೇಟೆ_ಕೋಡರ್ (ದಾವಣಗೆರೆ)

ಮೊದಲು ಬಣ್ಣ_ವಿವರವನ್ನು ಪೂರ್ತಿ ಮಾಡುತ್ತದೆ. ಸಾಲದಿದ್ದರೆ ಆ ಒಂದು ಕಡೆ ಮಾತ್ರ ಗುಣಮಟ್ಟ 100ರ ತನಕ ಹೋಗಲು ಬಿಟ್ಟಿದ್ದೇನೆ. ಫೈಲ್ ಊದಿಕೊಳ್ಳುವುದೇ ಇಲ್ಲಿ ನಮಗೆ ಬೇಕಾದದ್ದು.

ಅದಕ್ಕೂ ಬಗ್ಗದಿದ್ದರೆ ಜೆಪೆಗ್‌ನಲ್ಲಿ ಕಾಮೆಂಟ್ ಅನ್ನುವ ಜಾಗ ಇದೆ, ಒಂದರಲ್ಲಿ 65,533 ಬೈಟ್ ತನಕ ಏನು ಬೇಕಾದರೂ ಬರೆಯಬಹುದು. ಅದರಲ್ಲಿ ಖಾಲಿ ಜಾಗ ತುಂಬಿದರೆ ಚಿತ್ರ ಬದಲಾಗದೆ ಗಾತ್ರ ಏರುತ್ತದೆ. ಪಿಲ್ಲೋ ಈಚೆಗೆ ಇದನ್ನು ನೇರವಾಗಿ ಬರೆಯಲು ಬಿಡುತ್ತದೆ. ಆದರೆ ಇದನ್ನು ತಾನಾಗಿ ಮಾಡುವುದಿಲ್ಲ, ತುಂಬು=ಹೌದು ಅಂತ ಹೇಳಿದರೆ ಮಾತ್ರ.

ಹಳೇ_ಪಿಎಚ್‌ಪಿ (ದಾವಣಗೆರೆ)

ಹ್ಹ ಹ್ಹ, ಖಾಲಿ ಜಾಗ ತುಂಬಿ ಅರ್ಜಿ ಪಾಸ್ ಮಾಡಿಸುವ ಲೈಬ್ರರಿ. ಇದನ್ನು ನಾನೂ ಕದಿಯುತ್ತೇನೆ. ಒಂದು ಮಾತು, ಅರ್ಜಿ_ಫೋಟೋ, ಅರ್ಜಿ_ಸಹಿ ಅಂತ ರೆಡಿಮೇಡ್ ಹೆಸರುಗಳನ್ನೂ ಕೊಟ್ಟುಬಿಡಿ.

ಮಂಡಿಪೇಟೆ_ಕೋಡರ್ (ದಾವಣಗೆರೆ)

ಕೊಡುತ್ತೇನೆ, ಆದರೆ ಲೈಬ್ರರಿ ಒಳಗೆ ಅಲ್ಲ. ಪ್ರತಿ ಅಧಿಸೂಚನೆಯಲ್ಲೂ ಅಳತೆ ಬದಲಾಗಬಹುದು. ಅದಕ್ಕೋಸ್ಕರ ಲೈಬ್ರರಿಯ ಹೊಸ ಆವೃತ್ತಿ ಬಿಡುವುದು ಸರಿಯಲ್ಲ. ಅಂಗಡಿಯವರೇ ತಿದ್ದಬಹುದಾದ ಸೆಟ್ಟಿಂಗ್ ಫೈಲ್‌ನಲ್ಲಿ ಇರಲಿ. ಲೈಬ್ರರಿಯ ಸ್ವಂತ ಡೀಫಾಲ್ಟ್‌ಗಳನ್ನು ಮಾತ್ರ ಮುಟ್ಟುವ ಹಾಗಿಲ್ಲ. ಇವತ್ತು 85 ಅಂದದ್ದನ್ನು ನಾಳೆ 80 ಮಾಡಿದರೆ ಯಾವ ಅಂಗಡಿಯ ಯಾವ ಫೈಲ್ ಏನಾಗುತ್ತದೋ ಹೇಳಲು ಬರುವುದಿಲ್ಲ.

ಟಿಫ್ ಮುಂದಿನ ಸುತ್ತಿಗೆ. ಅದರಲ್ಲಿ ಒತ್ತುವ ವಿಧಾನಗಳೇ ಒಂದು ಸಂತೆ.

ತೊಳಹುಣಸೆ_ಎಂಸಿಎ (ದಾವಣಗೆರೆ)

ಟೆಸ್ಟ್ ಬರೆಯಲು ಶುರು ಮಾಡಿದ್ದೇನೆ. ಒಂದು ಫೇಲ್ ಆಗುತ್ತಿದೆ, ಕೋಡ್ ಸರಿಯಾಗಿಯೇ ಇದೆ. ಪಿಎನ್‌ಜಿಯಲ್ಲಿ ಡಿಪಿಐ=300 ಅಂತ ಉಳಿಸಿ ವಾಪಸ್ ಓದಿದರೆ 299.9994 ಬರುತ್ತದೆ. ಪಿಎನ್‌ಜಿ ಇಂಚಿನ ಲೆಕ್ಕ ಇಡುವುದಿಲ್ಲ, ಮೀಟರ್‌ಗೆ ಎಷ್ಟು ಪಿಕ್ಸೆಲ್ ಅಂತ ಪೂರ್ಣಾಂಕದಲ್ಲಿ ಇಡುತ್ತದೆ. 300 ಡಿಪಿಐ ಅಂದರೆ 11,811. ತಿರುಗಿ ಇಂಚಿಗೆ ತಂದರೆ ಅಷ್ಟು ಕಡಿಮೆ. ಹೋಲಿಸುವಾಗ ಅರ್ಧ ಡಿಪಿಐ ಸಡಿಲ ಬಿಡುತ್ತೇನೆ, ಸರಿ ತಾನೇ?

ಮಂಡಿಪೇಟೆ_ಕೋಡರ್ (ದಾವಣಗೆರೆ)

ಸರಿ. ವರದಿಯಲ್ಲಿ ತೋರಿಸುವಾಗ ಮಾತ್ರ ಸುತ್ತು ಹಾಕಿ 300 ಅಂತಲೇ ತೋರಿಸೋಣ. ಇಲ್ಲದಿದ್ದರೆ 299 ಯಾಕೆ ಬಂತು ಅಂತ ಸ್ಟುಡಿಯೋ ಅಣ್ಣನಿಂದ ಫೋನ್ ಬರುತ್ತದೆ.